ಮಟ್ಟಿಗೆ ಮತ್ತೆ ಇಳಿಯುವ ಆಸೆ

ಐವತ್ತು ದಾಟಿದ ಪೈಲ್ವಾನ ಮತ್ತೆ ಮಟ್ಟಿಗೆ ಇಳಿಯಬಹುದೇ? ಮೈಯನ್ನು ಕೇಳಿದರೆ ಉತ್ತರ ಸುಲಭ. ಮಂಡಿ ಸವೆದಿದೆ, ನಾಲ್ಕು ಪಟ್ಟು ಹಾಕುವಷ್ಟರಲ್ಲಿ ಉಸಿರು ಮೇಲಕ್ಕೆ ಬರುತ್ತದೆ. ನನ್ನನ್ನು ಕಾಡುತ್ತಿರುವುದು ಧರ್ಮದ ಪ್ರಶ್ನೆ. ಹನುಮಂತನ ಮುಂದೆ ಕೈಮುಗಿದು ಲಂಗೋಟಿ ಬಿಚ್ಚಿಟ್ಟವನು ಅದನ್ನು ಮತ್ತೆ ಕಟ್ಟುವುದು ಸರಿಯೇ?

ನಮ್ಮ ತಾಂಡವಪುರಕ್ಕೆ ಜಾತ್ರೆಯ ಕುಸ್ತಿಗೆ ಜೋಡಿ ಕಟ್ಟುವ ಹುಡುಗರು ಬಂದಿದ್ದರು. "ಉಸ್ತಾದ್ರೇ, ಇದೊಂದ್ ಸಲ ಇಳೀರಿ. ನಿಮ್ಮ ಹೆಸರಿದ್ರೆ ಜನ ಸೇರ್ತಾರೆ" ಅಂದರು. ಅವರಲ್ಲೊಬ್ಬ ಓದಿಕೊಂಡವನು, ಗೀತೆಯನ್ನೂ ಎತ್ತಿದ. ಹಿಂದೆಗೆಯಬೇಡ ಅಂತ ಕೃಷ್ಣ ಅರ್ಜುನನಿಗೆ ಹೇಳಲಿಲ್ಲವೇ ಎಂದು ಕೇಳಿದ. ಹೇಳಿದ, ನಿಜ. ಫಲದ ಮೇಲಿನ ಆಸೆ ಬಿಟ್ಟು ಹೋರಾಡು ಎಂದೂ ಹೇಳಿದ. ವಯಸ್ಸಾದವನು ಹಿಂದಿರುಗುವುದಾದರೋ ಬಹುಮಟ್ಟಿಗೆ ಫಲಕ್ಕಾಗಿಯೇ: ಆ ಕೇಕೆ, ಆ ಶಿಳ್ಳೆ, ಹೆಸರು ಕೂಗಿದಾಗ ಮೈ ಜುಮ್ಮೆನ್ನುವುದು. ಹುಡುಗರ ಮಾತು ಕೇಳಿದ ಆ ಕ್ಷಣದಲ್ಲಿ ನನ್ನ ಎದೆಯೂ ಉಬ್ಬಿತ್ತು.

ಈ ವಿಚಾರ ಬಂದಾಗೆಲ್ಲ ನನಗೆ ನೆನಪಾಗುವವನು ಅಮೆರಿಕದ ಬಾಕ್ಸರ್ ಜಾರ್ಜ್ ಫೋರ್‌ಮನ್. 1974ರಲ್ಲಿ ಕಿನ್ಶಾಸಾದಲ್ಲಿ ಮುಹಮ್ಮದ್ ಅಲಿಗೆ ಸೋತು ಪಟ್ಟ ಕಳೆದುಕೊಂಡ. 1977ರಲ್ಲಿ ಮತ್ತೊಂದು ಸೋಲಿನ ನಂತರ, ಬಟ್ಟೆ ಬದಲಿಸುವ ಕೋಣೆಯಲ್ಲಿ ಅವನಿಗೆ ಸಾವಿನ ಅನುಭವವಾಯಿತು, ಅಲ್ಲೇ ದೇವರ ಕರೆ ಕೇಳಿಸಿತು. ಕೈಗವಸು ಬಿಚ್ಚಿದ, ಹ್ಯೂಸ್ಟನ್ನಿನಲ್ಲಿ ಕ್ರೈಸ್ತ ಬೋಧಕನಾದ. ಹತ್ತು ವರ್ಷ ಕಳೆದ ಮೇಲೆ, 1987ರಲ್ಲಿ, ಬಡಹುಡುಗರಿಗಾಗಿ ಕಟ್ಟಿದ ಕೇಂದ್ರಕ್ಕೆ ಹಣ ಬೇಕೆಂದು ಮತ್ತೆ ರಿಂಗಿಗೆ ಬಂದ. 1994ರ ನವೆಂಬರ್ 5ರಂದು, 45ರ ವಯಸ್ಸಿನಲ್ಲಿ, ಮೈಕೆಲ್ ಮೂರರ್‌ನನ್ನು ಹತ್ತನೇ ಸುತ್ತಿನಲ್ಲಿ ಕೆಡವಿ ಹೆವಿವೇಟ್ ಪಟ್ಟ ಮರಳಿ ಪಡೆದ. ಹಣ ಪರರಿಗಾಗಿ, ಹೊಡೆತದಲ್ಲಿ ಹಳೆಯ ಸಿಟ್ಟಿಲ್ಲ. ಇದನ್ನು ನಿಷ್ಕಾಮ ಕರ್ಮ ಎಂದುಬಿಡೋಣ ಅನ್ನಿಸುತ್ತದೆ. ಆದರೆ ಆ ರಾತ್ರಿ ಅವನು ತೊಟ್ಟಿದ್ದದ್ದು ಅಲಿಗೆ ಸೋತ ದಿನ ತೊಟ್ಟಿದ್ದ ಅದೇ ಕೆಂಪು ಚಡ್ಡಿ! ದೇವರ ಕೆಲಸಕ್ಕೆ ನಿಂತವನೂ ಇಪ್ಪತ್ತು ವರ್ಷ ಆ ಸೋಲನ್ನು ಬಿಟ್ಟುಕೊಟ್ಟಿರಲಿಲ್ಲ. ಅದಕ್ಕಾಗಿ ಅವನ ಮೇಲೆ ನನಗೆ ಗೌರವ ಕಡಿಮೆಯಾಗಿಲ್ಲ, ಹೆಚ್ಚಿದೆ.

ಅಲಿಯ ಕಥೆ ಬೇರೆ. 38ರ ವಯಸ್ಸಿನಲ್ಲಿ, 1980ರ ಅಕ್ಟೋಬರಿನಲ್ಲಿ, ನಿವೃತ್ತಿ ಮುರಿದು ಲ್ಯಾರಿ ಹೋಮ್ಸ್ ಎದುರು ನಿಂತ. ಹೋಮ್ಸ್ ಒಂದು ಕಾಲದಲ್ಲಿ ಅವನ ಜೊತೆಗೇ ಅಭ್ಯಾಸ ಮಾಡುತ್ತಿದ್ದ ಹುಡುಗ. ಅಲಿ ಹತ್ತು ಸುತ್ತು ಏಟು ತಿಂದ ಮೇಲೆ ಅವನ ಕಡೆಯವರೇ ಆಟ ನಿಲ್ಲಿಸಬೇಕಾಯಿತು. ಅಂದು ಅವನನ್ನು ಹೋಗಲು ಬಿಟ್ಟವರದ್ದು ಪಾಪ ಎಂದೇ ನಾನು ಹೇಳುತ್ತೇನೆ.

ಕಾದಾಡುವುದು ಯಾರಿಗಾಗಿ ಎಂದು ತಿಳಿಯಲು ನಮ್ಮ ಮೈಸೂರಿನ ವಜ್ರಮುಷ್ಟಿ ಕಾಳಗವನ್ನು ನೋಡಿ. ವಿಜಯದಶಮಿಯ ದಿನ ಅರಮನೆಯಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಮುಷ್ಟಿಗೆ ಆಯುಧ ಹಾಕಿಕೊಂಡು ಎದುರಾಗುತ್ತಾರೆ. ತಲೆಯಿಂದ ಮೊದಲ ರಕ್ತ ಚಿಮ್ಮಿದರೆ ಮುಗಿಯಿತು. ಎದುರಾಳಿಯನ್ನು ನೆಲಕ್ಕೆ ಒಗೆಯುವ ಹಟ ಅಲ್ಲಿಲ್ಲ. ರಕ್ತ ದೇವಿಗೆ ಸಂದಿತು, ಆಮೇಲೆ ರಾಜರ ವಿಜಯಯಾತ್ರೆ ಹೊರಡುತ್ತದೆ. ಅಲ್ಲಿ ಮೈಯೇ ನೈವೇದ್ಯ. ನೈವೇದ್ಯವೆಂದ ಮೇಲೆ ಒಳ್ಳೆಯದನ್ನೇ ಇಡಬೇಕು. ನಮ್ಮ ಗರಡಿಯಲ್ಲೂ ಮಟ್ಟಿಗೆ ಅರಿಸಿನ, ಕುಂಕುಮ, ಎಣ್ಣೆ ಬೆರೆಸಿ ಪೂಜೆ ಮಾಡಿಯೇ ಕಾಲಿಡುತ್ತೇವೆ. ಆ ಮಣ್ಣಿನ ಮೇಲೆ ಸವೆದ ಮಂಡಿಯನ್ನು ಚಪ್ಪಾಳೆಗಾಗಿ ಇಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಫೋರ್‌ಮನ್‌ಗೆ ಸಾಕಬೇಕಾದ ಮಕ್ಕಳಿದ್ದರು, ಇನ್ನೂ ಉಳಿದ ಕಸುವಿತ್ತು. ನನಗಿರುವುದು ಆಸೆಯೊಂದೇ.

ಹಾಗೆಂದು ಆಸೆ ಸಾಯಲಿ ಎಂದು ನಾನು ಬೇಡುವುದಿಲ್ಲ. ಸೋಮವಾರ ನಂಜನಗೂಡಿಗೆ ಹೋಗಿ ಕಪಿಲೆಯಲ್ಲಿ ಮುಳುಗೆದ್ದು ಶ್ರೀಕಂಠೇಶ್ವರನ ಎದುರು ನಿಂತಾಗ ಅನ್ನಿಸುತ್ತದೆ: ಅವನು ವಿಷವನ್ನು ಉಗುಳಲಿಲ್ಲ, ಹೊಟ್ಟೆಗೂ ಇಳಿಸಲಿಲ್ಲ, ಕಂಠದಲ್ಲೇ ತಡೆದ. ಗೃಹಸ್ಥನಾದ ಪೈಲ್ವಾನನಿಗೆ ಅಷ್ಟು ವೈರಾಗ್ಯ ಸಾಕು. ಪೂರ್ತಿ ನಿರಾಸೆ ಸನ್ಯಾಸಿಗಳ ಪಾಲಿಗಿರಲಿ.

ಜಾತ್ರೆ ಸಮಿತಿಯವರಲ್ಲಿ ನನ್ನದೊಂದು ಕೋರಿಕೆ. ಮುದಿ ಪೈಲ್ವಾನರನ್ನು ಜನ ಸೇರಿಸಲು ಕರೆಯಬೇಡಿ. ನನ್ನ ಹೆಸರನ್ನು ಜೋಡಿ ಪಟ್ಟಿಯಿಂದ ತೆಗೆಯಿರಿ. ಬೆಳಿಗ್ಗೆ ಐದಕ್ಕೆ ಹುಡುಗರನ್ನು ಗರಡಿಗೆ ಕಳಿಸಿ, ನನಗೆ ಗೊತ್ತಿರುವ ಪಟ್ಟುಗಳನ್ನೆಲ್ಲ ಹೇಳಿಕೊಡುತ್ತೇನೆ.