ಮನೇಲೇ ಮಾಡಿದ್ದಾ?

ಸಂಕ್ರಾಂತಿಯ ಎಳ್ಳು-ಬೆಲ್ಲದ ಡಬ್ಬಿ ಕೈಗೆ ಬಂದ ಕೂಡಲೇ ನಮ್ಮ ಜನ ಕೇಳೋ ಮೊದಲ ಪ್ರಶ್ನೆ ಇದು. ರುಚಿ ನೋಡೋದು ಆಮೇಲೆ. ಹೌದು ಅಂದರೆ ಮುಖ ಅರಳುತ್ತೆ. ‘ಇಲ್ಲ, ಅಂಗಡಿಯಿಂದ ತಂದಿದ್ದು’ ಅಂದರೆ ‘ಪರವಾಗಿಲ್ಲ ಬಿಡಿ, ಈಗ ಯಾರಿಗೆ ಟೈಮಿದೆ’ ಅನ್ನೋ ಸಮಾಧಾನದ ಮಾತು. ಆ ‘ಪರವಾಗಿಲ್ಲ’ದಲ್ಲಿ ಒಂದು ಕ್ಷಮೆ ಇದೆ. ಕ್ಷಮೆ ಇದೆ ಅಂದ್ಮೇಲೆ ತಪ್ಪೂ ಇರಬೇಕಲ್ಲ? ಏನು ತಪ್ಪು, ಯಾರದ್ದು ಅಂತ ಪ್ರತಿ ಜನವರಿ ನನ್ನ ತಲೆ ಕೊರೆಯುತ್ತೆ.

ಕೆಲಸ ಎಷ್ಟಿದೆ ಅಂತ ಗೊತ್ತಿಲ್ಲದವರಿಗೆ ಹೇಳ್ತೀನಿ. ಒಣಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು ತೆಗೀಬೇಕು, ಸಣ್ಣಗೆ ಒಂದೇ ಅಳತೆಗೆ ಹೆಚ್ಚಬೇಕು, ಬಿಸಿಲಿಗೆ ಹರಡಬೇಕು. ಬೆಲ್ಲಕ್ಕೂ ಅದೇ ಅಳತೆ. ಹೆಚ್ಚುವಾಗ ಪುಡಿಯಾದದ್ದು ಲೆಕ್ಕಕ್ಕಿಲ್ಲ. ಕಡಲೆಬೀಜ ಹುರಿದು, ಸಿಪ್ಪೆ ಉಜ್ಜಿ, ಕೇರಿ, ಎರಡು ಹೋಳು ಮಾಡಬೇಕು. ಎಳ್ಳು ಹುರೀಬೇಕು, ಹುರಿಗಡಲೆ ಸೇರಿಸಬೇಕು. ಸಕ್ಕರೆ ಅಚ್ಚಿನದ್ದು ಬೇರೆಯೇ ಪುರಾಣ: ಪಾಕಕ್ಕೆ ಹಾಲು ಬಿಟ್ಟು ಕೊಳೆ ತೆಗೆದು, ಸೋಸಿ, ನೆನೆಸಿಟ್ಟ ಮರದ ಅಚ್ಚುಗಳನ್ನ ಬಿಗಿಯಾಗಿ ಕಟ್ಟಿ, ಬಿಸಿ ಇರುವಾಗಲೇ ಹುಯ್ಯಬೇಕು. ಸ್ವಲ್ಪ ತಡವಾದರೆ ಪಾತ್ರೆಯಲ್ಲೇ ಕಲ್ಲು. ಕೆ.ಆರ್.ಪುರದ ನಮ್ಮ ಫ್ಲ್ಯಾಟಿಗೆ ಬಿಸಿಲು ಬೀಳೋದು ಬಾಲ್ಕನಿಯ ಎರಡು ಅಡಿ ಜಾಗಕ್ಕೆ, ಒಂಬತ್ತರಿಂದ ಹತ್ತೂವರೆ ತನಕ. ಅಷ್ಟೊತ್ತಿಗೆ ನಾವಿಬ್ಬರೂ ಮೆಟ್ರೋದಲ್ಲಿರ್ತೀವಿ.

ಕೈಯಾರೆ ಮಾಡಿದ ಶುಭಾಶಯ ಭಾರ ಅನ್ನಿಸಿದ್ದು ನಮಗೆ ಮಾತ್ರ ಅಲ್ಲ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್, ಕ್ರಿಸ್‌ಮಸ್ ಸಮಯಕ್ಕೆ ಅಷ್ಟೊಂದು ಜನಕ್ಕೆ ಕೈಯಲ್ಲಿ ಪತ್ರ ಬರೆಯೋದು ಆಗದ ಮಾತು ಅಂತ, ಜಾನ್ ಕ್ಯಾಲ್ಕಾಟ್ ಹಾರ್ಸ್ಲಿ ಅನ್ನೋ ಕಲಾವಿದನಿಂದ ಚಿತ್ರ ಬರೆಸಿ ಅಚ್ಚು ಹಾಕಿಸಿದ. ಮೊದಲ ಕ್ರಿಸ್‌ಮಸ್ ಕಾರ್ಡ್ ಅಂತ ಹೆಸರಾಗಿರೋದು ಅದೇ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಆಟೊಮೇಷನ್. ತಮಾಷೆ ಅಂದ್ರೆ ಈಗ ಎಷ್ಟೋ ಜನ ಅಚ್ಚಾದ ಕಾರ್ಡಿಗೆ ಏನು ಬೆಲೆ ಅಂತ ಕತ್ತರಿ, ಗೋಂದು ಹಿಡಿದು ರಾತ್ರಿಯೆಲ್ಲ ಕೂತು ಕಾರ್ಡ್ ಮಾಡ್ತಾರೆ. ಯಾವ ಒತ್ತಡದಿಂದ ಬಿಡಿಸಿಕೊಳ್ಳೋಕೆ ಕಾರ್ಡ್ ಬಂತೋ, ಅದೇ ಒತ್ತಡ ಕಾರ್ಡಿನ ಬೆನ್ನು ಹತ್ತಿ ವಾಪಸ್ ಬಂದಿದೆ.

ಉಡುಗೊರೆಯ ಬಗ್ಗೆ ಫ್ರಾನ್ಸಿನ ಮಾರ್ಸೆಲ್ ಮೋಸ್ 1925ರಲ್ಲಿ ಒಂದು ಪ್ರಬಂಧ ಬರೆದ. ಅದರಲ್ಲಿ ಮೂರು ಕಡ್ಡಾಯಗಳ ಮಾತು ಬರುತ್ತೆ: ಕೊಡಬೇಕು, ತಗೋಬೇಕು, ತಿರುಗಿ ಕೊಡಬೇಕು. ಅಕ್ಕಪಕ್ಕದ ಮನೆಯ ತಟ್ಟೆ ಖಾಲಿ ವಾಪಸ್ ಕಳಿಸಬಾರದು ಅಂತ ನಮ್ಮಲ್ಲಿ ಯಾರೂ ಪುಸ್ತಕ ಓದಿ ಕಲಿತಿಲ್ಲ. ನಮ್ಮ ಎರಡನೇ ಮಹಡಿಯ ಆಂಟಿ ಶಿವಾಜಿನಗರದಲ್ಲಿ, ಸೇಂಟ್ ಮೇರಿ ಚರ್ಚಿನ ಹತ್ತಿರ ಬೆಳೆದವರು. ಡಿಸೆಂಬರ್ ಕೊನೆಗೆ ಅವರ ಮನೆಯಿಂದ ಕಲ್‌ಕಲ್, ರೋಸ್ ಕುಕ್ಕಿಯ ತಟ್ಟೆ ಬರುತ್ತೆ. ಆ ತಟ್ಟೆ ನಮ್ಮ ಅಡುಗೆಮನೆಯಲ್ಲಿ ಮೂರು ವಾರ ಇದ್ದು, ಎಳ್ಳು-ಬೆಲ್ಲ ಹೊತ್ತು ಸಂಕ್ರಾಂತಿಗೆ ಕೆಳಗಿಳಿಯುತ್ತೆ. ಇಷ್ಟು ಚೆನ್ನಾಗಿದೆ. ಆದರೆ ಆ ಮೂರು ಕಡ್ಡಾಯಗಳ ಪಟ್ಟಿಯಲ್ಲಿ ‘ಮಾಡಬೇಕು’ ಅನ್ನೋದು ಇಲ್ಲ. ಕೊಡೋ ಕೈಯೇ ಮಾಡಿದ ಕೈಯೂ ಹೌದು ಅಂತ ನಾವೆಲ್ಲ ಸುಮ್ಮನೆ ನಂಬಿರ್ತೀವಿ.

ಎರಡೂ ಬೇರೆ ಬೇರೆ ಕೈ ಆಗಿರಬಹುದು ಅಂತ ನನಗೆ ತಿಳಿದದ್ದು ಮಂಡ್ಯ ಜಿಲ್ಲೆಯ ನಮ್ಮೂರಲ್ಲಿ. ನಾನು ಪಿಯುಸಿಯಲ್ಲಿದ್ದಾಗ ಅಪ್ಪ ತೀರಿಕೊಂಡರು. ಮುಂದಿನ ಸಂಕ್ರಾಂತಿಗೂ ಕೊಬ್ಬರಿ ಹೆಚ್ಚಿದ್ದು ಅವ್ವನೇ, ಬೆಲ್ಲ ಹೆಚ್ಚಿದ್ದೂ ಅವ್ವನೇ. ಅಷ್ಟು ಸಣ್ಣಗೆ ಆ ಬೀದಿಯಲ್ಲಿ ಇನ್ಯಾರಿಗೂ ಬರ್ತಿರಲಿಲ್ಲ. ಎಳ್ಳು ಬೀರೋಕೆ ಹೋದದ್ದು ಮಾತ್ರ ಚಿಕ್ಕವ್ವ ಮತ್ತೆ ಹುಡುಗೀರು. ಬೀರೋದು ಮುತ್ತೈದೆಯರ ಕೆಲಸ. ನಮ್ಮನೆಗೆ ಬಂದವರೂ ಹೊಸಿಲಾಚೆ ನಿಂತು ‘ನಿಮ್ಮವ್ವನಿಗೆ ಕೊಡಪ್ಪ’ ಅಂತ ನನ್ನ ಕೈಗೆ ಪೊಟ್ಟಣ ಇಟ್ಟು ಹೋಗ್ತಿದ್ರು. ಯಾರಿಗೂ ಕೆಟ್ಟ ಮನಸ್ಸಿತ್ತು ಅಂತ ಹೇಳಲ್ಲ. ಮನೇಲೇ ಮಾಡಿದ್ದು, ಎಷ್ಟು ರುಚಿ ಅಂತ ತಿಂದವರಿಗೆ ಅವ್ವನ ಕೈ ಮುಟ್ಟಿದ್ದರಿಂದ ಏನೂ ಅಡ್ಡಿಯಾಗಲಿಲ್ಲ. ಆ ಕೈ ನೀಡೋದಷ್ಟೇ ಅಡ್ಡಿ. ಹನ್ನೊಂದು ವರ್ಷ ಹಾಗೇ ನಡೀತು.

ಈಗ ಅವ್ವ ನಮ್ಮ ಜೊತೆ ಇದಾಳೆ. ಇಲ್ಲಿಗೆ ಬಂದ ಮೊದಲ ವರ್ಷ, ಲಂಗ ತೊಟ್ಟ ಮೊಮ್ಮಗಳ ಕೈ ಹಿಡಿದು ಮಹಡಿ ಮಹಡಿ ಹತ್ತಿ ಇಳಿದಳು. ಬಾಗಿಲು ತೆಗೆದವರಲ್ಲಿ ತಮಿಳರು, ಮಲಯಾಳಿಗಳು, ಒಬ್ಬರು ಒಡಿಶಾದವರು. ಯಾರೂ ಅವಳ ಹಣೆ ನೋಡಲಿಲ್ಲ, ಡಬ್ಬಿ ನೋಡಿದರು. ಅವತ್ತಿನಿಂದ ಮನೇಲೇ ಮಾಡಬೇಕು ಅನ್ನೋದು ಅವಳ ಹಟ. ಅಂಗಡಿಯಿಂದ ತರೋಣ ಅಂದರೆ, ‘ಅಂಗಡೀದು ಹಂಚಕ್ಕೆ ಆ ಡೆಲಿವರಿ ಹುಡುಗನೇ ಸಾಕಲ್ಲ, ನಾನ್ಯಾಕೆ ಹೋಗ್ಲಿ?’ ಅಂತಾಳೆ. ಅವಳಿಗೆ ಆ ಕೊಬ್ಬರಿಯ ಚೂರುಗಳು ಬಾಗಿಲು ಬಡಿಯೋ ಹಕ್ಕು.

ಆದರೆ ಅವಳ ಬೆರಳಿನ ಗಂಟುಗಳು ಈಗ ಊದಿವೆ. ಒಂದು ಗಿಟುಕಾದ ಮೇಲೆ ಚಾಕು ಹಿಡಿಯಕ್ಕಾಗಲ್ಲ. ಮಿಕ್ಕಿದ್ದು ರಾತ್ರಿ ಹತ್ತರ ಮೇಲೆ, ಇಂದಿರಾನಗರದ ಆಫೀಸಿನಿಂದ ಬಂದ ನನ್ನ ಹೆಂಡತಿಯ ಪಾಲು. ‘ಅತ್ತೆಗೆ ಹಬ್ಬ, ನನಗೆ ರಿಲೀಸ್ ಡೇಟ್’ ಅಂತಾಳೆ. ಒಂದೇ ಡಬ್ಬಿ, ಒಬ್ಬಳಿಗೆ ಹಕ್ಕು, ಇನ್ನೊಬ್ಬಳಿಗೆ ತೆರಿಗೆ. ಅವ್ವನಿಗೆ ಹನ್ನೊಂದು ವರ್ಷ ಸಿಗದ್ದನ್ನ ಕೊಡಿಸೋಕೆ ಇನ್ನೊಬ್ಬ ಹೆಂಗಸಿನ ನಿದ್ದೆ ಖರ್ಚು ಮಾಡೋದು ಯಾವ ನ್ಯಾಯ? ಹಾಗಂತ ನಿಲ್ಲಿಸೋದೂ ನ್ಯಾಯ ಅಲ್ಲ.

ನಾನೂ ಹೆಚ್ಚುತ್ತೀನಿ. ಆಫೀಸಿನಲ್ಲಿ ಹೇಳಿದರೆ ‘ಓ, ವೈಫ್‌ಗೆ ಹೆಲ್ಪ್ ಮಾಡ್ತೀರಾ, ಗ್ರೇಟ್’ ಅಂತಾರೆ. ಹೆಲ್ಪ್ ಅನ್ನೋ ಪದ ಕೆಲಸ ಯಾರದ್ದು ಅಂತ ಮೊದಲೇ ತೀರ್ಮಾನ ಮಾಡಿಬಿಟ್ಟಿರುತ್ತೆ. ನನ್ನ ಕೊಬ್ಬರಿ ದಪ್ಪ ಆಗಿದ್ದರೆ ಮಾತು ಕೇಳೋಳೂ ಅವಳೇ. ಚಾಕು ಹಂಚಿಕೊಳ್ಳಬಹುದು, ಹೆಸರು ಕೆಡೋ ಭಯ ಹಂಚಿಕೊಳ್ಳಕ್ಕೆ ಬರಲ್ಲ.

ಇಷ್ಟು ಕಷ್ಟ ಯಾಕೆ, ಬಿಟ್ಟುಬಿಡಿ ಅನ್ನೋ ಸ್ನೇಹಿತರಿದ್ದಾರೆ. ಒತ್ತಾಯದಿಂದ ಕೊಟ್ಟದ್ದು ಪ್ರೀತಿಯಲ್ಲ ಅನ್ನೋದು ಅವರ ವಾದ. ನಾನು ಒಪ್ಪಲ್ಲ. ಪ್ರೀತಿ ಉಕ್ಕಿದಾಗ ಮಾತ್ರ ಬಾಗಿಲು ಬಡಿಯೋದಾಗಿದ್ರೆ, ಆರು ವರ್ಷದಲ್ಲಿ ನಮ್ಮ ಮಹಡಿಯ ನಾಲ್ಕು ಮನೆಯವರ ಹೆಸರೂ ನನಗೆ ಗೊತ್ತಾಗ್ತಿರಲಿಲ್ಲ. ಕೊಡೋ ಕಡ್ಡಾಯ ಇರಲಿ. ಸಾಕು ಮಾಡಬೇಕಾದ್ದು ತನಿಖೆ. ಡಬ್ಬಿ ತಗೊಂಡವರು ‘ಮನೇಲೇ ಮಾಡಿದ್ದಾ’ ಅಂತ ಕೇಳದಿದ್ರೆ, ಯಾರು ಯಾಕೆ ಮಾಡ್ತಾರೆ, ಯಾರು ಯಾಕೆ ತರ್ತಾರೆ ಅನ್ನೋದು ಅವರವರ ಮನೆಯ ವಿಷಯವಾಗಿ ಉಳಿಯುತ್ತೆ.

ಈ ಸಲ ನಮ್ಮನೆಯಲ್ಲಿ ಎರಡು ಪಟ್ಟಿ ಆಯ್ತು. ಅವ್ವ ಖುದ್ದು ಹತ್ತಿ ಇಳಿಯಬಲ್ಲ ಹದಿನಾಲ್ಕು ಮನೆಗೆ ಮನೆಯದ್ದು. ಕೊಬ್ಬರಿ ಪೂರ್ತಿ ನನ್ನ ಪಾಲಿಗೆ, ದಪ್ಪ ಆದರೆ ಬೈಗುಳವೂ ನನಗೇ ಅಂತ ಅವ್ವನ ಎದುರೇ ಮಾತಾಯ್ತು. ಹೆಂಡತಿಯ ಟೀಮಿನ ಮೂವತ್ತೆರಡು ಜನಕ್ಕೆ ಹಲಸೂರು ಮಾರ್ಕೆಟ್ಟಿನಿಂದ ಪ್ಯಾಕೆಟ್. ಆಫೀಸಿನಲ್ಲಿ ಯಾರೋ ಕೇಳಿದ್ದಕ್ಕೆ ‘ಇಲ್ಲ, ಹಲಸೂರಲ್ಲಿ ತಗೊಂಡಿದ್ದು’ ಅಂದಳಂತೆ, ಅದರ ಮೇಲೆ ಒಂದು ಸಬೂಬೂ ಸೇರಿಸಲಿಲ್ಲವಂತೆ. ಉಳಿದ ಒಂದು ಪ್ಯಾಕೆಟ್ಟನ್ನ ಅವ್ವ ಬಿಚ್ಚಿ ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದಳು. ‘ಕೊಬ್ಬರಿ ಒಣಗಿಲ್ಲ ಕಣ್ಲಾ, ಎಷ್ಟು ಕೊಟ್ರಿ ಇದಕ್ಕೆ?’