ಧಾಟಿಯ ಋಣ

ರಾಮನಗರದ ಬಂಡೆಗಳನ್ನು ಭೂವಿಜ್ಞಾನಿಗಳು ಇಂದಿಗೂ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದೇ ಕರೆಯುತ್ತಾರೆ. ಊರಿಗೆ ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರಿದ್ದ ಕಾಲದ ಗುರುತು ಅದು. ಆಮೇಲೆ ಊರು ರಾಮನಗರವಾಯಿತು. 2007ರಲ್ಲಿ ಚನ್ನಪಟ್ಟಣ, ಕನಕಪುರ, ಮಾಗಡಿಗಳನ್ನು ಸೇರಿಸಿಕೊಂಡು ಅದೇ ಹೆಸರಿನ ಜಿಲ್ಲೆಯಾಯಿತು. 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದು ಬದಲಾಯಿತು. ಹಿಂದಿ ಸಿನಿಮಾ ನೋಡುವವರಿಗಂತೂ ಈ ಬೆಟ್ಟಗಳ ಹೆಸರು ಒಂದೇ: ರಾಮಗಢ. ಸುಮಾರು 250 ಕೋಟಿ ವರ್ಷ ವಯಸ್ಸಿನ ಬಂಡೆಗೆ ನಾವು ಯಾವ ಹೆಸರಿಟ್ಟರೂ ಏನೂ ಆಗುವುದಿಲ್ಲ. ಆದರೆ ಹಾಡಿನ ವಿಷಯದಲ್ಲಿ ಹಾಗೆ ಹೇಳಬಹುದೇ? ಯಾರ ಹೆಸರಿದ್ದರೇನು, ಹಾಡು ಚೆನ್ನಾಗಿದ್ದರೆ ಸಾಕು ಎಂದು ಸುಮ್ಮನಾಗಬಹುದೇ?

ಈ ಪ್ರಶ್ನೆ ಕೇಳಿಕೊಳ್ಳಲು ಈ ಬೆಟ್ಟಗಳಿಗಿಂತ ಒಳ್ಳೆಯ ಜಾಗ ಇಲ್ಲ ಎಂದು ನನಗೆ ಅನ್ನಿಸುತ್ತದೆ. ‘ಶೋಲೆ’ಯ ಚಿತ್ರೀಕರಣ ಇಲ್ಲಿ ಶುರುವಾದದ್ದು 1973ರ ಅಕ್ಟೋಬರ್‌ನಲ್ಲಿ, ಚಿತ್ರ ಬಿಡುಗಡೆಯಾದದ್ದು 1975ರ ಆಗಸ್ಟ್ 15ರಂದು. ಶೀರ್ಷಿಕೆಗಳು ಬರುವಾಗ ಇಬ್ಬರು ಕುದುರೆ ಏರಿ ರೈಲು ನಿಲ್ದಾಣದಿಂದ ಠಾಕೂರನ ಮನೆಗೆ ಹೊರಡುತ್ತಾರೆ. ಹಿಂದೆ ಗಿಟಾರು, ಕೊಂಬಿನ ದನಿ. ಆ ಸಂಗೀತ ಕೇಳಿದರೆ ಸಾಕು, ಈ ಬಂಡೆಗಳು ಕಣ್ಣಮುಂದೆ ಬರುತ್ತವೆ. ನಿಜವಾಗಿ ನೋಡಿದರೆ ಬಂಡೆಗಳು ಆ ಸಂಗೀತವನ್ನು ಕೇಳಿಯೇ ಇಲ್ಲ. ಅದು ಹುಟ್ಟಿದ್ದು ಮುಂಬಯಿಯ ಸ್ಟುಡಿಯೋದಲ್ಲಿ. ಒಂದೂರಿನ ನೋಟಕ್ಕೆ ಇನ್ನೊಂದೂರಿನ ನಾದವನ್ನು ಗಂಟುಹಾಕಿ, ಎರಡೂ ಒಟ್ಟಿಗೇ ಹುಟ್ಟಿದವು ಎಂದು ನಂಬಿಸುವುದೇ ಸಿನಿಮಾ ಸಂಗೀತದ ಕೆಲಸ.

ಆ ಸಂಗೀತ ಯಾರದು ಎಂದು ಕೇಳಿದರೆ ಆರ್.ಡಿ. ಬರ್ಮನ್ ಅವರದು ಎನ್ನುತ್ತೇವೆ. ತಪ್ಪಿಲ್ಲ. ಆದರೆ ಸ್ವಲ್ಪ ಹತ್ತಿರ ಹೋಗಿ ಕೇಳಿ. ಸಂಜೆ ಹೊತ್ತು ರಾಧಾ ಒಂದೊಂದಾಗಿ ದೀಪ ಆರಿಸುತ್ತಾಳೆ, ದೂರದಲ್ಲಿ ಕೂತ ಜೈ ಮೌತ್ ಆರ್ಗನ್ ನುಡಿಸುತ್ತಾನೆ. ತೆರೆಯ ಮೇಲೆ ತುಟಿ ಅಮಿತಾಭ್ ಬಚ್ಚನ್ ಅವರದು, ಉಸಿರು ಭಾನು ಗುಪ್ತ ಅವರದು. ಬಸಂತಿಯ ಟಾಂಗಾವನ್ನು ಡಕಾಯಿತರು ಅಟ್ಟಿಸಿಕೊಂಡು ಬರುವಾಗ ನಮ್ಮ ಎದೆಬಡಿತ ಏರಿಸುವ ತಬಲಾ ಬನಾರಸ್ ಘರಾಣೆಯ ಪಂಡಿತ್ ಸಾಮ್ತಾ ಪ್ರಸಾದ್ ಅವರದು. ಆರ್.ಡಿ. ಅವರ ಜೊತೆ ವರ್ಷಗಟ್ಟಲೆ ದುಡಿದ ಬಾಸು ಚಕ್ರವರ್ತಿ, ಮನೋಹಾರಿ ಸಿಂಗ್, ಮಾರುತಿ ರಾವ್ ಕೀರ್ ಅವರಂಥವರ ಹೆಸರು ಹಾಡು ಗುನುಗುವ ಎಷ್ಟು ಜನಕ್ಕೆ ಗೊತ್ತು?

ಇನ್ನೊಂದು ಹೆಜ್ಜೆ ಹಿಂದೆ ಹೋದರೆ ಕಥೆ ಮತ್ತಷ್ಟು ಸಿಕ್ಕಾಗುತ್ತದೆ. ಬೆಂಕಿಯ ಬೆಳಕಿನಲ್ಲಿ ಹೆಲೆನ್ ಕುಣಿಯುವ ಹಾಡನ್ನು ಸ್ವತಃ ಆರ್.ಡಿ. ಅವರೇ ಹಾಡಿದ್ದಾರೆ. ಅದರ ಧಾಟಿ ಗ್ರೀಕ್ ಗಾಯಕ ಡೆಮಿಸ್ ರೂಸೋಸ್ ಹಾಡಿದ್ದ ಒಂದು ಹಾಡಿನದು. ರೂಸೋಸ್ ಅವರ ಹಾಡಿನ ಹಿಂದೆ ಸೈಪ್ರಸ್ ದ್ವೀಪದ ಜನಪದ ಧಾಟಿಯೊಂದಿದೆ. ಅದನ್ನು ಮೊದಲು ಹಾಡಿದವರು ಯಾರೋ, ಯಾವ ಮದುವೆ ಮನೆಯಲ್ಲೋ, ಯಾವ ಹೊಲದ ಬದುವಿನಲ್ಲೋ. ಕಳ್ಳತನ ಎಂದು ಕೂಗುವವರು ಸಾಮಾನ್ಯವಾಗಿ ಈ ಸರಪಳಿಯ ಒಂದು ಕೊಂಡಿಯನ್ನು ಹಿಡಿದು ನಿಲ್ಲುತ್ತಾರೆ. ಪೂರ್ತಿ ಎಳೆದರೆ ಕೈಗೆ ಸಿಗುವುದು ಹೆಸರಿಲ್ಲದ ಜನ.

ಹೆಸರಿಲ್ಲದ ಜನ ನಮ್ಮಲ್ಲೂ ಇದ್ದಾರೆ. ಕನಕಪುರದ ಕಡೆಯಿಂದ ಕಾವೇರಿ ದಾಟಿ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರ ಬಾಯಲ್ಲಿ ಇರುವ ಪದಗಳನ್ನು ಕಟ್ಟಿದವರು ಯಾರು? ಮಾದಪ್ಪ ಭಿಕ್ಷೆಗೆ ಬರುವ ಅಂಥದೊಂದು ಪದ 1996ರ ‘ಜನುಮದ ಜೋಡಿ’ ಚಿತ್ರದಲ್ಲಿ ಬಂತು. ಚಿತ್ರದ ಸಂಗೀತ ವಿ. ಮನೋಹರ್ ಅವರದು, ಹಾಡಿದ ಎಲ್.ಎನ್. ಶಾಸ್ತ್ರಿ ಅವರಿಗೆ ರಾಜ್ಯ ಪ್ರಶಸ್ತಿ ಬಂತು. ಇಬ್ಬರೂ ಆ ಗೌರವಕ್ಕೆ ಅರ್ಹರೇ. ಸಿನಿಮಾ ಇಲ್ಲದಿದ್ದರೆ ಎಷ್ಟೋ ಊರುಗಳ ಕಿವಿಗೆ ಆ ಪದ ಬೀಳುತ್ತಲೇ ಇರಲಿಲ್ಲ. ಹಾಗಿದ್ದರೂ ಒಂದು ಲೆಕ್ಕ ಬಾಕಿ ಉಳಿದಂತೆ ಅನ್ನಿಸುತ್ತದಲ್ಲ, ಅದು ಯಾವ ಲೆಕ್ಕ?

ಕಾನೂನು ಈ ಲೆಕ್ಕವನ್ನು ಹಕ್ಕಿನ ಭಾಷೆಯಲ್ಲಿ ಬರೆಯುತ್ತದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಸಂಗೀತ ಎಂದರೆ ಕಾಗದದ ಮೇಲೆ ಬರೆದದ್ದು ಅಥವಾ ಅಚ್ಚಾದದ್ದು ಮಾತ್ರ. ಬರೆಯದೆ ಹಾಡುವವರ ಸಂಗೀತ ಕಾಯ್ದೆಯ ಕಣ್ಣಿಗೆ ಸಂಗೀತವೇ ಆಗಿರಲಿಲ್ಲ. ಆ ವ್ಯಾಖ್ಯೆ ಬದಲಾಗಲು 1994ರ ತನಕ ಕಾಯಬೇಕಾಯಿತು. 1977ರಲ್ಲಿ ಸುಪ್ರೀಂ ಕೋರ್ಟ್, ನಿರ್ಮಾಪಕ ಹಣ ಕೊಟ್ಟು ಮಾಡಿಸಿಕೊಂಡ ಸಂಗೀತದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ನಿರ್ಮಾಪಕನದೇ ಎಂದಿತು. ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಪ್ರತ್ಯೇಕವಾಗಿ ಒಂದು ಟಿಪ್ಪಣಿ ಸೇರಿಸಿ, ಹಾಡುಗಾರರ ಕಂಠಕ್ಕೆ ಈ ಕಾಯ್ದೆಯಲ್ಲಿ ಜಾಗವೇ ಇಲ್ಲವಲ್ಲ ಎಂದು ಪೇಚಾಡಿದರು. ಕೊನೆಗೆ 2012ರ ತಿದ್ದುಪಡಿ ಬಂದು, ಸಂಗೀತ ನಿರ್ದೇಶಕರೂ ಗೀತರಚನೆಕಾರರೂ ಬಿಟ್ಟುಕೊಡುತ್ತೇನೆಂದರೂ ಬಿಟ್ಟುಕೊಡಲಾಗದ ರಾಯಧನದ ಪಾಲನ್ನು ಕೊಟ್ಟಿತು. ಇದು ದೊಡ್ಡ ನ್ಯಾಯ. ಆದರೂ ಹಕ್ಕಿಗೆ ಒಬ್ಬ ವಾರಸುದಾರ ಬೇಕು, ವಿಳಾಸ ಬೇಕು. ಸೈಪ್ರಸ್‌ನ ಹಾಡುಗಾರನಿಗೆ, ಮಾದಪ್ಪನ ಪದ ಕಟ್ಟಿದವರಿಗೆ ಯಾವ ವಿಳಾಸಕ್ಕೆ ಕಳಿಸುತ್ತೀರಿ?

ಹಕ್ಕು ಮುಗಿಯುವ ಕಡೆ ಋಣ ಶುರುವಾಗುತ್ತದೆ ಎಂದು ನನ್ನ ಎಣಿಕೆ. ನಮ್ಮ ಭಾಷೆ ಋಣವನ್ನೂ ಹಂಗನ್ನೂ ಬೇರೆಬೇರೆಯಾಗಿ ಇಟ್ಟಿದೆ. ಹಂಗು ನಮ್ಮನ್ನು ಕುಗ್ಗಿಸುತ್ತದೆ; ಅದರಿಂದ ಬಿಡಿಸಿಕೊಳ್ಳಬೇಕು ಅನ್ನಿಸುತ್ತದೆ. ಋಣ ಹಾಗಲ್ಲ. ಅನ್ನದ ಋಣ, ಮಣ್ಣಿನ ಋಣ ಎನ್ನುವಾಗ ಅದನ್ನು ತೀರಿಸಿ ಮುಗಿಸುವ ಆತುರ ಇರುವುದಿಲ್ಲ, ಮರೆಯಬಾರದು ಎಂಬ ಎಚ್ಚರ ಇರುತ್ತದೆ. ಹಳೆಯ ಧಾಟಿಯನ್ನು ಎತ್ತಿಕೊಂಡ ಸಂಗೀತ ನಿರ್ದೇಶಕ ಅದರ ಹಂಗಿನಲ್ಲಿ ಇರಬೇಕಾಗಿಲ್ಲ, ಆರ್.ಡಿ. ಅವರ ಆ ಒಡಕು ದನಿಯ ಕೂಗು ರೂಸೋಸ್ ಅವರ ಹಾಡಿನಲ್ಲಿ ಇರಲಿಲ್ಲ, ಅದು ಅವರದೇ. ಆದರೆ ಋಣದಲ್ಲಿ ಅವರೂ ಇದ್ದಾರೆ, ಆ ಹಾಡಿನಿಂದ ಸುಖಪಟ್ಟ ನಾವೂ ಇದ್ದೇವೆ.

ಇದಕ್ಕೊಂದು ಗಟ್ಟಿಯಾದ ಎದುರುಮಾತು ಇದೆ. ಜನಪದರು ತಾವೇ ಹೆಸರು ಬೇಡವೆಂದವರು, ಹಾಡು ಎಲ್ಲರದು ಎಂದವರು, ಅವರಿಗಿಲ್ಲದ ಹೆಸರಿನ ಚಿಂತೆ ನಿಮಗೇಕೆ? ಮಾತು ಅರ್ಧ ನಿಜ. ತನ್ನ ಹೆಸರನ್ನು ತಾನೇ ಬಿಡುವುದು ತ್ಯಾಗ. ಇನ್ನೊಬ್ಬರ ಹೆಸರನ್ನು ನಾವು ಬಿಡುವುದಕ್ಕೆ ಆ ಮಾತು ಸಲ್ಲುವುದಿಲ್ಲ. ಮಾದಪ್ಪನ ಕಥೆ ಹಾಡುವ ಕಂಸಾಳೆಯವರನ್ನೇ ನೋಡಿ: ತಮ್ಮ ಹೆಸರು ಹೇಳದಿದ್ದರೂ ದೇವರನ್ನೂ ಗುರುವನ್ನೂ ನೆನೆಯದೆ ಅವರು ಕಥೆಗೆ ಇಳಿಯುವುದಿಲ್ಲ. ಪಡೆದದ್ದು ಎಲ್ಲಿಂದ ಎಂಬುದನ್ನು ಮೊದಲು ಹೇಳಿ ಆಮೇಲೆ ಹಾಡುವ ಆ ಕ್ರಮದಲ್ಲೇ ಒಂದು ನೀತಿ ಇದೆ.

ಮಾಗಡಿಯ ಸಾವನದುರ್ಗದ ನೆನಪಾಗುತ್ತದೆ. ಇ.ಎಂ. ಫಾರ್‌ಸ್ಟರ್ ಅವರ ಕಾದಂಬರಿಯನ್ನು ಡೇವಿಡ್ ಲೀನ್ 1984ರಲ್ಲಿ ‘ಎ ಪ್ಯಾಸೇಜ್ ಟು ಇಂಡಿಯಾ’ ಸಿನಿಮಾ ಮಾಡಿದಾಗ ಬಿಹಾರದ ಮಾರಾಬಾರ್ ಬೆಟ್ಟಗಳಾಗಿ ನಿಂತದ್ದು ಸಾವನದುರ್ಗ ಮತ್ತು ರಾಮದೇವರ ಬೆಟ್ಟ. ಅದರ ಸಂಗೀತಕ್ಕೆ ಮಾರಿಸ್ ಜಾರ್ ಅವರಿಗೆ ಮೂರನೆಯ ಆಸ್ಕರ್ ಬಂತು. ಫಾರ್‌ಸ್ಟರ್ ಕಲ್ಪಿಸಿದ ಗುಹೆಗೆ ಒಂದು ವಿಚಿತ್ರ ಗುಣ: ಯಾರು ಏನೇ ನುಡಿಯಲಿ, ಮರಳಿ ಬರುವುದು ಒಂದೇ ಸದ್ದು. ಒಳ್ಳೆಯ ಮಾತಿಗೂ ಕೆಟ್ಟ ಮಾತಿಗೂ ಅಲ್ಲಿ ವ್ಯತ್ಯಾಸ ಇಲ್ಲ. ಆ ಪ್ರತಿಧ್ವನಿ ಕೇಳಿದ ಮುದುಕಿಯೊಬ್ಬಳಿಗೆ ಬದುಕಿನ ಮೇಲಿನ ನಂಬಿಕೆಯೇ ಅಲ್ಲಾಡುತ್ತದೆ. ನಮ್ಮ ಮರೆವು ಆ ಗುಹೆಯಂಥದು. ಭಾನು ಗುಪ್ತ, ಸಾಮ್ತಾ ಪ್ರಸಾದ್, ಸೈಪ್ರಸ್‌ನ ಅನಾಮಿಕ, ಎಲ್ಲರ ದನಿ ಒಳಗೆ ಹೋಗುತ್ತದೆ, ಒಂದೇ ಹೆಸರಾಗಿ ಹೊರಗೆ ಬರುತ್ತದೆ.

ಅದೇ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ, ರಾಮನಗರ ದಾಟಿ ಚನ್ನಪಟ್ಟಣದ ಕಡೆ ಹೊರಟರೆ ಜಾನಪದ ಲೋಕ ಸಿಗುತ್ತದೆ. ಆಡಳಿತ ಸೇವೆಯಲ್ಲಿದ್ದ ಎಚ್.ಎಲ್. ನಾಗೇಗೌಡರು ನಿವೃತ್ತಿಯ ನಂತರದ ಬದುಕನ್ನೆಲ್ಲ ಸುರಿದು 1994ರಲ್ಲಿ ಕಟ್ಟಿ ನಿಲ್ಲಿಸಿದ್ದು. ಬೀಸುವ ಕಲ್ಲು, ಗೊಂಬೆ, ವಾದ್ಯಗಳ ಜೊತೆ ಅಲ್ಲಿ ಹಾಡುಗಳ ಧ್ವನಿಮುದ್ರಣಗಳೂ ಇವೆ. ಹಾಡಿದವರು ಯಾರು, ಯಾವ ಊರಿನವರು ಎಂದು ಕೇಳಿ ಬರೆದಿಟ್ಟುಕೊಳ್ಳುವುದು ಜಾನಪದ ಸಂಗ್ರಾಹಕರ ಮೊದಲ ಪಾಠ. ಪದ ಕಟ್ಟಿದವರು ಸಿಗದಿದ್ದರೂ, ಕಾಪಾಡಿಕೊಂಡು ಬಂದವರ ಹೆಸರಾದರೂ ಹೀಗೆ ಉಳಿಯುತ್ತದೆ. ಸಾಲವನ್ನು ಪೂರ್ತಿ ತೀರಿಸಲಾಗದಿದ್ದರೂ ಬಡ್ಡಿಯನ್ನಾದರೂ ಕಟ್ಟುವ ಪ್ರಾಮಾಣಿಕತೆ ಅದು.

ಕೇಳುಗರಾದ ನಮ್ಮಿಂದಲೂ ಅಷ್ಟು ಸಾಧ್ಯ. ಹಾಡಿನ ತುಣುಕೊಂದನ್ನು ಗೆಳೆಯರಿಗೆ ಕಳಿಸುವಾಗ ನಟನ ಹೆಸರಿನ ಜೊತೆ ಸಂಗೀತ ನಿರ್ದೇಶಕರದನ್ನೂ, ಗೊತ್ತಿದ್ದರೆ ನುಡಿಸಿದವರದನ್ನೂ, ಧಾಟಿ ಬಂದ ಊರನ್ನೂ ಹೇಳಬಹುದು. ಗೊತ್ತಿಲ್ಲದಿದ್ದರೆ ಹುಡುಕಬಹುದು. ಇದರಿಂದ ಹಾಡು ಚಿಕ್ಕದಾಗುವುದಿಲ್ಲ. ಭಾನು ಗುಪ್ತ ಅವರ ಹೆಸರು ತಿಳಿದ ಮೇಲೆ ನನಗೆ ಆ ದೀಪಗಳ ದೃಶ್ಯದಲ್ಲಿ ಇನ್ನೂ ಒಬ್ಬರು ಕೂತಿರುವುದು ಕಾಣಿಸತೊಡಗಿದೆ.