ನೆಲದಡಿಯ ನೀರು ಯಾರದು?

ಮಳೆ ಕಡಿಮೆಯಾದ ವರುಷದಲ್ಲಿ ಪೈರು ಒಣಗುವದನ್ನು ಎಲ್ಲರೂ ಕಾಣುತ್ತಾರೆ. ಆ ವರುಷದಲ್ಲಿ ನೆರೆಯವರೊಳಗೆ ಏಳುವ ಒಂದು ಪ್ರಶ್ನೆಯನ್ನು ಇಲ್ಲಿ ವಿಚಾರಿಸೋಣ.

೨೦೨೩ರಲ್ಲಿ ಶಾಂತಸಾಗರದ ನೀರು ವಾಡಿಕೆಗಿಂತ ಬಿಸಿಯಾಗಿ, ನಮ್ಮ ಮುಂಗಾರು ಸೊರಗಿತು. ಕರ್ನಾಟಕದ ೨೩೬ ತಾಲ್ಲೂಕುಗಳಲ್ಲಿ ೨೨೩ ಬರಪೀಡಿತವೆಂದು ಸರಕಾರವು ಸಾರಿತು. ಯಲಹಂಕ, ಹೆಬ್ಬಾಳಗಳ ಸುತ್ತಣ ಸೀಮೆಯಲ್ಲಿ ವರುಷವೆಲ್ಲಾ ಹರಿಯುವ ಹೊಳೆಯಿಲ್ಲ. ಒಕ್ಕಲಿಗನಿಗೆ ಮಳೆ, ಕೆರೆ, ಬಾವಿಗಳೇ ಗತಿ. ರಾಗಿಯು ಬಾಯಾರಿಕೆಯನ್ನು ತಾಳುವ ಪೈರು. ಆದರೂ ತೆನೆ ಹೊರಡುವ ಸಮಯದಲ್ಲಿ ಮಳೆ ತಪ್ಪಿದರೆ ಹುಲ್ಲು ಸಿಕ್ಕೀತೇ ಹೊರತು ಕಾಳು ತುಂಬದು.

ಇಂಥ ಕಾಲದಲ್ಲಿ ಹಣವುಳ್ಳವನು ಸಾವಿರ ಅಡಿಯ ಕೊಳವೆಬಾವಿಯನ್ನು ಕೊರೆಯಿಸಿ ತನ್ನ ತೋಟವನ್ನು ಉಳಿಸಿಕೊಳ್ಳುತ್ತಾನೆ. ಪಕ್ಕದ ಬಡವನ ಬಾವಿಯು ಬತ್ತುತ್ತದೆ. ಇದು ಅನ್ಯಾಯವೋ?

“ಹೊಲ ನನ್ನದು, ಸಾಲ ನನ್ನದು, ನೀರೂ ನನ್ನದೇ” ಎಂದು ಅವನು ಹೇಳಾನು. ಕಾಯಿದೆಯ ಮಾತೂ ಬಹುಕಾಲ ಹಾಗೆಯೇ ಇತ್ತು. ಗೊತ್ತಾದ ಕಾಲುವೆಯಲ್ಲಿ ಹರಿಯದ ನೆಲದಡಿಯ ನೀರನ್ನು ನೆಲದೊಡೆಯನು ತನ್ನ ಎಲ್ಲೆಯೊಳಗೆ ಕೂಡಿಸಿಕೊಳ್ಳಬಹುದೆಂದು ೧೮೮೨ರ ಈಸ್‌ಮೆಂಟ್ ಕಾಯಿದೆಯು ಹೇಳಿತು. ಆದರೆ ನಮ್ಮ ನೆಲದಡಿಯಿರುವದು ಗಟ್ಟಿಬಂಡೆ. ನೀರು ಅದರ ಬಿರುಕುಗಳಲ್ಲಿ ನಿಂತಿರುತ್ತದೆ. ಆ ಬಿರುಕುಗಳು ಎಲ್ಲೆಕಲ್ಲನ್ನು ಅರಿಯವು. ಹೀಗಿರಲಾಗಿ ಅವನು ಎತ್ತುವ ನೀರಿನಲ್ಲಿ ನೆರೆಯವನ ಹೊಲದ ಮೇಲೆ ಬಿದ್ದ ಮಳೆಯೂ ಸೇರಿದೆ. ೨೦೧೧ರ ಕರ್ನಾಟಕ ಅಂತರ್ಜಲ ಕಾಯಿದೆಯು ಅಧಿಸೂಚಿತ ಪ್ರದೇಶಗಳಲ್ಲಿ ಅಪ್ಪಣೆಯಿಲ್ಲದೆ ಬಾವಿ ತೋಡಬಾರದೆಂದು ವಿಧಿಸಿದೆ. ಆದರೂ ಅಪ್ಪಣೆಯ ಕಾಗದವು ಕೈಯಲ್ಲಿದ್ದ ಮಾತ್ರಕ್ಕೆ ಮನಸ್ಸಾಕ್ಷಿಯು ಸುಮ್ಮನಾಗದು.

“ನಾನು ಬಿಟ್ಟರೆ ಇನ್ನೊಬ್ಬನು ಎತ್ತುವನಲ್ಲಾ” ಎಂಬವರೂ ಉಂಟು. ಇದು ಸುಲಭವಾಗಿ ತಳ್ಳಿಬಿಡುವ ಮಾತಲ್ಲ. ಒಬ್ಬನೇ ಕೈ ಬಿಗಿಹಿಡಿದರೆ ಅವನ ತೋಟವೂ ಹೋದೀತು, ನೀರೂ ಉಳಿಯದೆ ಹೋದೀತು. ಆದದರಿಂದ ಮಳೆ ತಪ್ಪುವದಕ್ಕೆ ಮುಂಚೆಯೇ ಊರವರೆಲ್ಲರೂ ಕೂಡಿ ಒಂದು ಕಟ್ಟು ಮಾಡಿಕೊಳ್ಳಬೇಕು: ನೀರು ಮೊದಲು ಜನರಿಗೂ ದನಕರುಗಳಿಗೂ, ಆಮೇಲೆ ತೆನೆ ಹೊರಡುವ ರಾಗಿಗೆ, ಉಳಿದರೆ ಹೂವು ದ್ರಾಕ್ಷಿಗಳಿಗೆ. ಇದರಿಂದ ತೋಟಗಾರನಿಗೆ ನಷ್ಟವಾಗುವದು ನಿಶ್ಚಯ. ಆ ನಷ್ಟದಲ್ಲಿ ಊರೂ ಪಾಲು ಹೊರಬೇಕು. ಇಲ್ಲವಾದರೆ ಬಡವನಿಗೆ ನ್ಯಾಯಮಾಡಹೋಗಿ ಇನ್ನೊಬ್ಬನಿಗೆ ಅನ್ಯಾಯ ಮಾಡಿದಂತಾಗುವದು.

ಮಳೆಯನ್ನು ತರಿಸುವದು ನಮ್ಮಿಂದಾಗದು. ಅದರ ಕೊರತೆಯೆಲ್ಲಾ ಒಬ್ಬನ ಮನೆಯ ಮೇಲೆಯೇ ಬೀಳದಂತೆ ನೋಡಿಕೊಳ್ಳುವದು ನಮ್ಮಿಂದಾದೀತು.